ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ: ಬ್ಯೂಲಿಯ ಎರಡು ರೋಲ್ಸ್ ರಾಯ್ಸ್

ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ಬ್ಯೂಲಿಗೆ ಹೋಗುವ ದಾರಿ ನ್ಯೂ ಫಾರೆಸ್ಟ್ ಕಾಡಿನೊಳಗೆ ಸಾಗುತ್ತದೆ. ಅಲ್ಲಿ ಗಿಡ್ಡ ಕುದುರೆಗಳು ನಡುರಸ್ತೆಯಲ್ಲೇ ನಿಂತಿರುತ್ತವೆ. ಯಾರೂ ಹಾರ್ನ್ ಹೊಡೆಯುವುದಿಲ್ಲ. ಅವು ಮನಸ್ಸು ಮಾಡಿದಾಗ ಬದಿಗೆ ಸರಿಯುತ್ತವೆ. "ನಮ್ಮೂರ ಎಮ್ಮೆಗಳಿಗೆ ಈ ಮರ್ಯಾದೆ ಇಲ್ಲ ನೋಡಿ" ಎಂದರು ಭಾವ.

ಬ್ಯೂಲಿಯ ಮೋಟಾರ್ ಮ್ಯೂಸಿಯಂ ಶುರುವಾದದ್ದು 1952ರಲ್ಲಿ. ಲಾರ್ಡ್ ಎಡ್ವರ್ಡ್ ಮಾಂಟೆಗ್ಯೂ ತಮ್ಮ ತಂದೆ ಜಾನ್ ಅವರ ನೆನಪಿಗೆ ಮನೆಯಲ್ಲೇ ಕೆಲವು ಕಾರು ನಿಲ್ಲಿಸಿ ಆರಂಭಿಸಿದ್ದು ಇಷ್ಟು ಬೆಳೆದಿದೆ. ಒಳಗೆ ಮೊನೊರೈಲು ಕೂಡ ಓಡುತ್ತದೆ. ಅದನ್ನು ಮಕ್ಕಳಿಗೆ ಬಿಟ್ಟು ನಾನು ರೋಲ್ಸ್ ರಾಯ್ಸ್ ಕಂಪನಿಯ 1909ರ ಸಿಲ್ವರ್ ಘೋಸ್ಟ್ ಕಾರಿನ ಮುಂದೆ ನಿಂತೆ.

7,036 ಸಿಸಿಯ ಆರು ಸಿಲಿಂಡರ್ ಎಂಜಿನ್. 1907ರಲ್ಲಿ ಇದೇ ಮಾದರಿಯ ಕಾರು 14,371 ಮೈಲಿ ಕೆಟ್ಟು ನಿಲ್ಲದೆ ಓಡಿ ಕಂಪನಿಗೆ ಹೆಸರು ತಂದಿತ್ತು. ಆದರೆ ಓಡಿಸುವವನ ಪಾಡು ನೋಡಬೇಕು. ಪೆಟ್ರೋಲ್ ಟ್ಯಾಂಕಿಗೆ ಕೈಪಂಪಿನಲ್ಲಿ ಗಾಳಿ ಒತ್ತಿ, ಸ್ಟೀರಿಂಗ್ ಮೇಲಿನ ಸನ್ನೆಕೋಲಿನಿಂದ ಎಂಜಿನ್ನಿನ ಕಿಡಿ ತುಸು ತಡವಾಗಿ ಹೊತ್ತುವಂತೆ ಮಾಡಿ, ಮುಂದೆ ಬಂದು ಹ್ಯಾಂಡಲ್ ತಿರುವಬೇಕು. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಈ ಬೆವರೆಲ್ಲ ಡ್ರೈವರನದು. ಐಷಾರಾಮ ಹಿಂದೆ ಕೂತ ಧಣಿಯದು.

ರೋಲ್ಸ್ ರಾಯ್ಸ್ ಮೂತಿಯ ಮೇಲಿನ ರೆಕ್ಕೆಯ ಹೆಣ್ಣುಗೊಂಬೆಗೂ ಈ ಮನೆಗೂ ನಂಟಿದೆ. ಜಾನ್ ಮಾಂಟೆಗ್ಯೂ ಅವರ ಕಾರ್ಯದರ್ಶಿ ಎಲೀನರ್ ಥಾರ್ನ್ಟನ್ ಶಿಲ್ಪಿ ಚಾರ್ಲ್ಸ್ ಸೈಕ್ಸ್‌ಗೆ ರೂಪದರ್ಶಿಯಾಗಿದ್ದವಳು. ಕಂಪನಿಯ ಗೊಂಬೆ ಬಂದದ್ದು 1911ರಲ್ಲಿ. 1915ರ ಡಿಸೆಂಬರ್ 30ರಂದು ಭಾರತದತ್ತ ಹೊರಟಿದ್ದ 'ಪರ್ಷಿಯಾ' ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಇಬ್ಬರೂ ಅದರಲ್ಲಿದ್ದರು. ಜಾನ್ ಬದುಕಿದರು, ಎಲೀನರ್ ಸಿಗಲಿಲ್ಲ. ಲಕ್ಷಾಂತರ ರೂಪಾಯಿಯ ಗೊಂಬೆ ಎಂದು ಬೆರಗಾಗುವವರಿಗೆ ಈ ಕಥೆಯೂ ಗೊತ್ತಿರಲಿ.

ಹೊರಗೆ ಬಂದರೆ ಪಾರ್ಕಿಂಗ್‌ನಲ್ಲಿ ಇನ್ನೊಂದು ರೋಲ್ಸ್ ರಾಯ್ಸ್, ಸಿಲ್ವರ್ ಶ್ಯಾಡೋ! ಮ್ಯೂಸಿಯಮ್ಮಿನದಲ್ಲ, ನೋಡಲು ಬಂದಿದ್ದ ಹಿರಿಯರೊಬ್ಬರದು. ಕೇಳಿದ್ದಕ್ಕೆ ಬಾಗಿಲು ತೆರೆದು ನನ್ನನ್ನು ಡ್ರೈವರ್ ಸೀಟಿನಲ್ಲೇ ಕೂರಿಸಿದರು. ವ್ಯತ್ಯಾಸವೆಲ್ಲ ಅಲ್ಲೇ ಇತ್ತು. 1965ರಲ್ಲಿ ಬಂದ ಈ ಕಾರು ಧಣಿಯೇ ಓಡಿಸಲೆಂದು ಮಾಡಿದ್ದು. ಘೋಸ್ಟಿಗೆ ಕಂಪನಿ ಚಾಸಿ, ಅಂದರೆ ಎಂಜಿನ್ನು ಚಕ್ರಗಳಿರುವ ಅಡಿಕಟ್ಟು, ಮಾತ್ರ ಕೊಡುತ್ತಿತ್ತು, ಮೈಕಟ್ಟನ್ನು ಬೇರೆಯವರು ಕಟ್ಟುತ್ತಿದ್ದರು. ಶ್ಯಾಡೋದಲ್ಲಿ ಪ್ರತ್ಯೇಕ ಚಾಸಿಯೇ ಇಲ್ಲ. ಎಂಟು ಸಿಲಿಂಡರಿನ ವಿ8 ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎರಡು ಬೆರಳಿಗೆ ತಿರುಗುವ ಸ್ಟೀರಿಂಗ್. ಹೇರು ಹೆಚ್ಚಿದರೂ ಕಾರು ತಗ್ಗದಂತೆ ನೋಡಿಕೊಳ್ಳುವ ಹೈಡ್ರಾಲಿಕ್ ವ್ಯವಸ್ಥೆಯ ಪೇಟೆಂಟ್ ಮಾತ್ರ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯದು. ಇಂಗ್ಲಿಷರ ಹೆಮ್ಮೆಯ ಹೊಟ್ಟೆಯಲ್ಲಿ ಫ್ರೆಂಚರ ಬುದ್ಧಿ!

ನನಗೆ ಇಷ್ಟವಾದದ್ದು ಘೋಸ್ಟೇ. ಅದರ ವಾಲ್ವು, ಸ್ಪ್ರಿಂಗುಗಳು ಬಾನೆಟ್ ಎತ್ತಿದರೆ ಕಣ್ಣಿಗೇ ಕಾಣುತ್ತವೆ; ಕೆಟ್ಟದ್ದು ಯಾವುದೆಂದು ಹುಡುಕಬಹುದು. ಶ್ಯಾಡೋ ಎಲ್ಲವನ್ನೂ ಮುಚ್ಚಿಟ್ಟು ನಗುತ್ತದೆ. ಮಾಮೂಲಿ ಬ್ರೇಕ್ ಆಯಿಲ್ ಅದಕ್ಕೆ ಆಗದಂತೆ, ವಿಶೇಷ ಆಯಿಲ್ಲೇ ಬೇಕಂತೆ.

ಭಾವ ಸಂಕೋಚವಿಲ್ಲದೆ ಬೆಲೆ ಕೇಳಿಯೇಬಿಟ್ಟರು. "ಕೊಂಡದ್ದು ಅಗ್ಗಕ್ಕೇ, ಸಾಧಾರಣ ಹೊಸ ಕಾರಿಗಿಂತ ಕಡಿಮೆ" ಎಂದರು ಹಿರಿಯರು. "ರಿಪೇರಿ ಲೆಕ್ಕ ಮಾತ್ರ ಹೆಂಡತಿಯ ಮುಂದೆ ಕೇಳಬೇಡಿ."