ನಡುವೆ ಉಳಿದ ಗೋಡೆ

14 ನವೆಂಬರ್ 2023, ರಾತ್ರಿ

ಅಮ್ಮ ಇವತ್ತು ಒಂದೇ ಮಾತನ್ನು ಮೂರು ಸಲ ಕೇಳಿದಳು. "ಅವಳು ಹೊಟ್ಟೆಯಲ್ಲಿದ್ದಾಗ ನಾನೇನಾದ್ರೂ ತಪ್ಪು ಮಾಡಿದ್ನಾ?"

ತಂಗಿಯ ತ್ರೀಡಿ ಸ್ಕ್ಯಾನ್ ರಿಪೋರ್ಟ್ ಬಂದಿದೆ. ಗರ್ಭಕೋಶದ ಒಳಗೆ ಮೇಲಿನಿಂದ ಒಂದು ಗೋಡೆ ಇಳಿದಿದೆ. ಸೆಪ್ಟಮ್ ಅಂತಾರೆ. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ ಈಗ ಗೊತ್ತಾಗಿದ್ದು.

ಅಮ್ಮನ ಪಕ್ಕ ಕೂತು ನನ್ನ ಎರಡೂ ತೋರುಬೆರಳು ಜೋಡಿಸಿ ತೋರಿಸಿದೆ. ಗರ್ಭಕೋಶ ಶುರುವಿನಲ್ಲಿ ಹೀಗೇ ಎರಡು ಸಣ್ಣ ಕೊಳವೆ, ಮಗು ಹೊಟ್ಟೆಯಲ್ಲಿ ಇರುವಾಗಲೇ ಅವು ಅಂಟಿಕೊಂಡು ಒಂದಾಗುತ್ತವೆ, ಅಂಟಿದ ಕಡೆ ನಡುವೆ ಉಳಿದ ಗೋಡೆ ಆಮೇಲೆ ತಾನಾಗಿ ಕರಗಬೇಕು. ಇವಳಿಗೆ ಪೂರ್ತಿ ಕರಗಲಿಲ್ಲ. ಐದು ತಿಂಗಳೊಳಗೆ ಮುಗಿಯುವ ಕೆಲಸ ಅದು. ಯಾಕೆ ಹೀಗಾಯ್ತು ಅಂತ ಹೆಚ್ಚಿನವರಲ್ಲಿ ಕಾರಣವೇ ಸಿಗುವುದಿಲ್ಲ. ಭಾರ ಎತ್ತಿದ್ದಕ್ಕೆ, ಓಡಾಡಿದ್ದಕ್ಕೆ ಆಗುವುದಂತೂ ಅಲ್ಲಮ್ಮ ಅಂದೆ. ಅಮ್ಮ ಏನೂ ಹೇಳಲಿಲ್ಲ. ತನ್ನ ಬೆರಳುಗಳನ್ನೂ ಹಾಗೇ ಜೋಡಿಸಿಕೊಂಡು, ನಡುವಿನ ಗೆರೆಯನ್ನೇ ನೋಡುತ್ತಾ ಕೂತಳು.

ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಮೊದಲ ಸಲ ಬಣ್ಣ ಹಾಕಿ ಎಕ್ಸ್‌ರೇ ತೆಗೆದಾಗ ಎರಡು ಕೊಂಬಿನ ಗರ್ಭಕೋಶ, ಏನೂ ಮಾಡೋಕಾಗಲ್ಲ ಅಂತ ಹೇಳಿ ಕಳಿಸಿದ್ದರು. ಆ ಎಕ್ಸ್‌ರೇಯಲ್ಲಿ ಕಾಣುವುದು ಒಳಗಿನ ಜಾಗ ಮಾತ್ರ. ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ. ವ್ಯತ್ಯಾಸ ಇರುವುದು ಹೊರಮೈಯಲ್ಲಿ. ಎರಡು ಕೊಂಬಾದರೆ ಮೇಲೆ ತಗ್ಗು ಇರುತ್ತದೆ, ಬರೀ ಗೋಡೆಯಾದರೆ ಮೇಲ್ಗಡೆ ನುಣುಪಾಗಿರುತ್ತದೆ. ಅದನ್ನು ನೋಡಲು ತ್ರೀಡಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕು. ಗೋಡೆಯನ್ನು ಹೊಟ್ಟೆ ಕೊಯ್ಯದೆ, ಕೆಳಗಿನಿಂದ ಸಣ್ಣ ಕ್ಯಾಮೆರಾ ಕಳಿಸಿ ಕತ್ತರಿಸಬಹುದು. ಎರಡು ಕೊಂಬಿದ್ದರೆ ಹಾಗೆ ಕತ್ತರಿ ಹಾಕುವಂತಿಲ್ಲ, ಗರ್ಭಕೋಶವೇ ತೂತಾಗಬಹುದು. 1907ರಲ್ಲಿ ಸ್ಟ್ರಾಸ್‌ಮನ್ ಅನ್ನುವ ಡಾಕ್ಟರ್ ಹೊಟ್ಟೆ ತೆರೆದು ಎರಡು ಭಾಗಗಳನ್ನು ಸೇರಿಸಿ ಹೊಲಿದಿದ್ದರಂತೆ, ಈಗ ಅದನ್ನು ಮಾಡುವುದು ತೀರಾ ಅಪರೂಪ. ಇಷ್ಟು ವ್ಯತ್ಯಾಸ ಇರುವಾಗ ಒಂದು ಎಕ್ಸ್‌ರೇ ನೋಡಿ ಹೇಗೆ ಹೇಳಿದರು?

ಕಿಡ್ನಿ ಎರಡೂ ಸರಿ ಇವೆ. ಹೊಟ್ಟೆಯಲ್ಲಿ ಇವೆಲ್ಲ ಒಟ್ಟೊಟ್ಟಿಗೇ ಬೆಳೆಯುವುದರಿಂದ ಅದನ್ನೂ ನೋಡುತ್ತಾರೆ. ಅಷ್ಟು ನೆಮ್ಮದಿ.

ಸಂಜೆ ತಂಗಿ ಫೋನ್ ಮಾಡಿದಳು. "ಕತ್ತರಿಸಿಬಿಡಲಿ ಅಕ್ಕಾ, ಸಾಕಾಗಿದೆ." ಈಗಿನ ಡಾಕ್ಟರ್ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. 2021ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಇಂಥ 80 ಹೆಂಗಸರಲ್ಲಿ ಅರ್ಧ ಜನರಿಗೆ ಗೋಡೆ ಕತ್ತರಿಸಿ, ಉಳಿದವರಿಗೆ ಹಾಗೇ ಬಿಟ್ಟು ನೋಡಿದರು. ಮಗುವಾದದ್ದು ಕತ್ತರಿಸಿದವರಲ್ಲಿ ಶೇಕಡಾ 31, ಬಿಟ್ಟವರಲ್ಲಿ ಶೇಕಡಾ 35. ಅಂದರೆ ಲಾಭ ಕಾಣಲಿಲ್ಲ. ಆದರೆ 80 ಜನ ಅಂದರೆ ಕಡಿಮೆಯೇ ಅಲ್ವಾ. ಮತ್ತೆ ಮತ್ತೆ ಬಸಿರು ಹೋಗುವವರಿಗೆ ಈಗಲೂ ಎಷ್ಟೋ ಡಾಕ್ಟರುಗಳು ಮಾಡುತ್ತಾರೆ. ಇದನ್ನೆಲ್ಲ ನಾನು ಇನ್ನೊಂದು ಸಲ ಹೇಳಿದೆ. ಅವಳಿಗೆ ಗೊತ್ತಿರುವುದೇ.

ಸ್ವಲ್ಪ ಹೊತ್ತು ಸುಮ್ನಿದ್ದಳು. "ಆಗೇ ಆಗುತ್ತೆ ಅಂತ ಯಾರೂ ಹೇಳೋದು ಬೇಡ ಅಕ್ಕಾ. ಮೂರನೇ ಸಲವೂ ಹೋದ್ರೆ, ಗೋಡೆ ಇತ್ತಲ್ಲ ಅಂತ ಜೀವನಪೂರ್ತಿ ಅಂದ್ಕೋಬೇಕಾಗುತ್ತೆ. ಅದು ನನ್ನ ಕೈಲಾಗಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಮಾಡಿದರೆ ಮುಂದಿನ ಮುಟ್ಟು ಮುಗಿದ ತಕ್ಷಣ. ಆಗ ಒಳಪದರ ತೆಳ್ಳಗಿದ್ದು ಚೆನ್ನಾಗಿ ಕಾಣುತ್ತದಂತೆ. ಡಾಕ್ಟರಿಗೆ ಕೇಳಬೇಕಾದದ್ದನ್ನು ಬರೆದಿಡುತ್ತಿದ್ದೇನೆ. ಕತ್ತರಿಸಿದ ಜಾಗ ಮತ್ತೆ ಅಂಟಿಕೊಳ್ಳದ ಹಾಗೆ ಏನು ಮಾಡುತ್ತಾರೆ, ಆಮೇಲೆ ಎಷ್ಟು ದಿನ ಕಾಯಬೇಕು. ಇನ್ನೂ ಒಂದಿತ್ತು, ಮಲಗುವ ಮುಂಚೆ ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿದ್ದು, ಅದನ್ನು ಹೇಗೆ ಬರೆಯಲಿ ಅಂತ