ಚೆಂಡು ಎಲ್ಲಿಗೆ ಹೋಯಿತು?

ಮೊನ್ನೆ ಪಂದ್ಯದ ನಡುವೆ ಅಪ್ಪ ಕೇಳಿದರು, "ಚೆಂಡು ಎಲ್ಲಿಗೆ ಹೋಯಿತು?" ಗ್ಲಾಕೋಮಾ ಬಂದ ಮೇಲೆ ಅವರಿಗೆ ಟಿವಿಯ ಬೆಳಕಷ್ಟೇ ಗೊತ್ತಾಗುತ್ತದೆ. ಜನ ಹೋ ಎನ್ನುತ್ತಿದ್ದರು, ವೀಕ್ಷಕ ವಿವರಣೆಗೆ ಕೂತಿದ್ದ ಮೂವರೂ ಹಿಂದಿನ ರಾತ್ರಿಯ ಊಟದ ಮಾತಾಡಿ ನಗುತ್ತಿದ್ದರು. ಅಪ್ಪ ಮತ್ತೆ ಕೇಳಿದರು. ಲಾಂಗ್ ಆನ್‌ನಲ್ಲಿ ಕ್ಯಾಚ್ ಆಯಿತು ಎಂದೆ. "ಅದನ್ನು ಅವರು ಹೇಳಬೇಕಲ್ಲವೇನಪ್ಪ?" ಎಂದರು.

1971ರಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತದ್ದನ್ನು ರೇಡಿಯೊಕ್ಕೆ ಕಿವಿಯಿಟ್ಟೇ ಕಂಡವರು ಅವರು. ಆ ಪ್ರಶ್ನೆ ವಾರವಿಡೀ ನನ್ನನ್ನು ಬಿಡಲಿಲ್ಲ.

ಅಮೆರಿಕದ ವಿನ್ ಸ್ಕಲ್ಲಿ ನೆನಪಾದರು. 1950ರಿಂದ 2016ರವರೆಗೆ, 67 ಋತುಗಳ ಕಾಲ, ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಆಟವನ್ನು ಬಣ್ಣಿಸಿದವರು. 1958ರಲ್ಲಿ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂದಾಗ, ಕ್ರೀಡಾಂಗಣದಲ್ಲೇ ಕೂತ ಪ್ರೇಕ್ಷಕರು ಟ್ರಾನ್ಸಿಸ್ಟರ್ ತಂದು ಅವರ ಮಾತು ಕೇಳುತ್ತಿದ್ದರು. ಕಣ್ಣೆದುರಿನ ಆಟಕ್ಕೂ ಅವರ ದನಿ ಬೇಕಿತ್ತು!

1965ರ ಸೆಪ್ಟೆಂಬರ್ 9ರ ಧ್ವನಿಮುದ್ರಿಕೆಯನ್ನು ಅಪ್ಪನಿಗೆ ಕೇಳಿಸಿದೆ. ಬೇಸ್‌ಬಾಲ್ ಅವರಿಗೆ ತಿಳಿಯದು. ಎದುರಾಳಿ ತಂಡದ ಒಬ್ಬರಿಗೂ ಬೇಸ್ ಮುಟ್ಟಲು ಬಿಡದೆ ಡಾಡ್ಜರ್ಸ್‌ನ ಎಸೆತಗಾರ ಸ್ಯಾಂಡಿ ಕೋಫಾಕ್ಸ್ ಆಟ ಮುಗಿಸುತ್ತಿದ್ದಾರೆ ಎಂದಷ್ಟೇ ಹೇಳಿದೆ. ಕೋಫಾಕ್ಸ್ ಟೋಪಿ ಎತ್ತಿ ಕೂದಲಲ್ಲಿ ಬೆರಳಾಡಿಸಿದ್ದನ್ನೂ ಸ್ಕಲ್ಲಿ ಬಿಡುವುದಿಲ್ಲ. ರಾತ್ರಿ 9 ಗಂಟೆ 46 ನಿಮಿಷ ಎನ್ನುತ್ತಾರೆ. ಕೊನೆಯ ಬ್ಯಾಟರ್ ಔಟಾದೊಡನೆ ಮಾತು ನಿಲ್ಲಿಸುತ್ತಾರೆ. ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಜನರ ಮೊರೆತವೊಂದೇ. ಅಪ್ಪ ಮಿಸುಕಾಡಲಿಲ್ಲ. ಆಮೇಲೆ, "ಗಂಟೆ ಎಷ್ಟೆಂದು ಸಹ ಹೇಳಿದರಲ್ಲ!" ಎಂದರು.

ಸ್ಕಲ್ಲಿ ಕಾಲೇಜಿನ ಮಟ್ಟದಲ್ಲಿ ಆಡಿದ್ದರೇ ಹೊರತು ವೃತ್ತಿಪರ ಆಟಗಾರರಾಗಿರಲಿಲ್ಲ. ನಮ್ಮಲ್ಲಿ ಹೆಚ್ಚಾಗಿ ದೊಡ್ಡ ಆಟ ಆಡಿದವರಿಗೇ ಮೈಕು. ಆಟದ ಸೂಕ್ಷ್ಮ ಅವರಿಗೆ ಗೊತ್ತು, ನಿಜ. ಆದರೆ ಕಣ್ಣು ಕಾಣದವರು, ರಾತ್ರಿ ಲಾರಿ ಓಡಿಸುವವರು, ಒಲೆಯ ಮುಂದೆ ನಿಂತವರು ಕಿವಿಯಿಂದಲೇ ಆಟ ನೋಡುತ್ತಾರೆಂಬುದು ಅವರ ಲೆಕ್ಕದಲ್ಲೇ ಇಲ್ಲ. ಇದು ನನಗೆ ಸಿಟ್ಟು ತರಿಸುತ್ತದೆ.

ಡಾಡ್ಜರ್ಸ್ ಪ್ರಸಾರಗಳಲ್ಲಿ ದಶಕಗಳ ಕಾಲ ಸ್ಕಲ್ಲಿ ಹೆಚ್ಚಾಗಿ ಒಬ್ಬರೇ ಮಾತಾಡಿದರು. ಜೊತೆಗೊಬ್ಬರಿದ್ದರೆ ಮಾತು ಆ ಕಡೆ ತಿರುಗಿಬಿಡುತ್ತದೆ. ಒಬ್ಬರೇ ಇದ್ದಾಗ ಕೇಳುಗನೇ ಜೊತೆಗಾರ. ಇಷ್ಟೊಂದು ಭಾಷೆಗಳಲ್ಲಿ ಕ್ರಿಕೆಟ್ ಬಿತ್ತರಿಸುವವರು, ಕಾಣದವರಿಗಾಗಿ ಒಂದೇ ಒಂದು ಧ್ವನಿವಾಹಿನಿ ಇಡಲಿ. ಅಲ್ಲಿ ಒಬ್ಬರು ಕೂತು, ಪ್ರತಿ ಎಸೆತಕ್ಕೂ ಚೆಂಡು ಎಲ್ಲಿಗೆ ಹೋಯಿತೆಂದು ಹೇಳಲಿ.