ಝೀರೋಗೆ ಮೊದಲು ಕೋಡಿ ಬೆಂಗ್ರೆ

ಗಮ್‌ಬೂಟು ಕೊಳ್ಳಲು ಮಂಗಳೂರಿನ ಬಂದರಿಗೆ ಹೋದಾಗ ಅಂಗಡಿಯವರು ಮೊದಲು ಕೇಳಿದ್ದು, "ಬೋಟಿಗೋ, ತೋಟಕ್ಕೋ?" ಎಂದು. "ಹಾಡು ಕೇಳುವುದಕ್ಕೆ" ಎಂದೆ. ಅವರು ಕೈಯಲ್ಲಿದ್ದ ಬೂಟನ್ನು ಮೇಜಿನ ಮೇಲಿಟ್ಟು ನನ್ನನ್ನೊಮ್ಮೆ ನೋಡಿದರು. ಕೊನೆಗೆ ತೋಟದ ಜೊತೆಯನ್ನೇ ಕಟ್ಟಿಕೊಟ್ಟರು. ಬೋಟಿನದು ಭಾರ, ಹಾಡು ಕೇಳಲು ಅಷ್ಟು ಬೇಡ ಎಂಬುದು ಅವರ ತೀರ್ಮಾನ.

ನಾನು ಹೇಳಿದ್ದು ತಮಾಷೆಗಲ್ಲ. ಅರುಣಾಚಲ ಪ್ರದೇಶದ ಝೀರೋ ಕಣಿವೆಯಲ್ಲಿ ಸೆಪ್ಟೆಂಬರ್ ಕೊನೆಗೆ ನಾಲ್ಕು ದಿನದ ಸಂಗೀತೋತ್ಸವ ನಡೆಯುತ್ತದೆ. 2012ರಲ್ಲಿ ಶುರುವಾದದ್ದು. ಗದ್ದೆಗಳ ನಡುವೆ ಬಿದಿರಿನಲ್ಲಿ ಕಟ್ಟಿದ ವೇದಿಕೆಗಳು, ಹಗಲಿಗೊಂದು, ರಾತ್ರಿಗೊಂದು. ಕೇಳಲು ಬಂದವರಲ್ಲಿ ಬಹಳ ಮಂದಿ ಪಕ್ಕದಲ್ಲೇ ಡೇರೆ ಹಾಕಿ ಮಲಗುತ್ತಾರೆ. ನನ್ನ ಗೆಳತಿ ಜೂನ್‌ನಲ್ಲೇ ಇಬ್ಬರಿಗೂ ಟಿಕೆಟ್ ಕೊಂಡಿದ್ದಳು. ಇಬ್ಬರೂ ಅದುವರೆಗೆ ಡೇರೆಯೊಳಗೆ ಮಲಗಿದವರಲ್ಲ. ಅಲ್ಲಿನ ಅಪಾತಾನಿ ಜನರು ಭತ್ತದ ಗದ್ದೆಯಲ್ಲೇ ಮೀನು ಸಾಕುತ್ತಾರೆ ಎಂದು ಅಮ್ಮನಿಗೆ ಹೇಳಿದೆ. ಗದ್ದೆಯಲ್ಲಿ ಮೀನು ಎಂದದ್ದೇ ಆ ಊರಿನ ಮೇಲೆ ಅವರಿಗಿದ್ದ ಅರ್ಧ ಅನುಮಾನ ಹೋಯಿತು. ಉಳಿದರ್ಧ ನನ್ನ ಮೇಲಿನದು, ಅದು ಹಾಗೇ ಇದೆ.

ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಅರುಣಾಚಲಕ್ಕೆ ಹೊರ ರಾಜ್ಯದವರು ಇನ್ನರ್ ಲೈನ್ ಪರ್ಮಿಟ್ ಪಡೆಯಬೇಕು. 1873ರ ಬ್ರಿಟಿಷ್ ಕಾಯಿದೆಯ ಕೂಸು ಅದು, ಈಗ ಆನ್‌ಲೈನ್‌ನಲ್ಲೇ ಸಿಗುತ್ತದೆ. ಮಂಗಳೂರಿನಿಂದ ಬೆಂಗಳೂರು, ಅಲ್ಲಿಂದ ಗುವಾಹಾಟಿ, ರಾತ್ರಿಯ ರೈಲಿನಲ್ಲಿ ನಹರಲಗುನ್, ಮತ್ತೆ ಸುಮೋದಲ್ಲಿ ನೂರು ಕಿಲೋಮೀಟರಿನಷ್ಟು ಘಾಟಿ. ನಿದ್ದೆಗೆಡಿಸಿದ್ದು ಇದಲ್ಲ, ಸಾಮಾನಿನ ಪಟ್ಟಿ. ಝೀರೋ ಸಮುದ್ರಮಟ್ಟದಿಂದ 1500 ಮೀಟರಿಗೂ ಮೇಲಿದೆ, ಎಂದರೆ ನಮ್ಮ ಕುದುರೆಮುಖದ ತುದಿಗಿಂತ ಸ್ವಲ್ಪ ಕೆಳಗೆ. ಸೆಪ್ಟೆಂಬರ್‌ನಲ್ಲಿ ಮಳೆ ಬರುತ್ತದೆ, ಕೆಸರಾಗುತ್ತದೆ, ರಾತ್ರಿ ಚಳಿ. ಫ್ಯಾನ್ ಎರಡರಲ್ಲಿಟ್ಟರೆ ಹೊದಿಕೆ ಹುಡುಕುವ ಮಂಗಳೂರಿನವಳಿಗೆ ಚಳಿ ಎಂದರೆ ಏನೆಂದು ಅಂದಾಜು ಮಾಡುವುದೇ ಕಷ್ಟ. ಹಾಗಾಗಿ ಪಟ್ಟಿ ಬೆಳೆಯಿತು. ಸ್ಲೀಪಿಂಗ್ ಬ್ಯಾಗ್, ಅದರೊಳಗೆ ಇನ್ನೊಂದು ಚೀಲ, ಮೂರು ಸ್ವೆಟರು, ಮಡಚುವ ಕುರ್ಚಿ, ಒಂದು ಲಾಟೀನು.

ಈ ಹಂತದಲ್ಲಿ ನನ್ನ ಸೋದರಮಾವ ಪ್ರವೇಶಿಸಿದರು. ಪ್ರಾಯದಲ್ಲಿ ಅವರು ಯಕ್ಷಗಾನದ ಡೇರೆ ಮೇಳವೊಂದರಲ್ಲಿ ಡೇರೆ ಕಟ್ಟುವವರಾಗಿದ್ದರು. ಕಲಾವಿದರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ಡೇರೆ ಕಟ್ಟುವವರನ್ನು ಯಾರೂ ಕೇಳುವುದಿಲ್ಲ. ಕೊಯ್ಲಾದ ಗದ್ದೆಗೆ ಮಧ್ಯಾಹ್ನ ಲಾರಿ ಬಂದರೆ ಸಂಜೆಯೊಳಗೆ ಕಂಬ ನಿಂತು, ರಂಗಸ್ಥಳ ಎದ್ದು, ಹಿಂದೆ ವೇಷ ಕಟ್ಟುವ ಚೌಕಿ, ಮುಂದೆ ಕುರ್ಚಿ, ಅದರ ಹಿಂದೆ ನೆಲದ ಜಾಗ ಎಲ್ಲ ತಯಾರಾಗಬೇಕು. ಬೆಳಗಿನವರೆಗೆ ಆಟ. ಬೆಳಕು ಹರಿದ ಮೇಲೆ ಎಲ್ಲ ಬಿಚ್ಚಿ ಮುಂದಿನ ಊರು. ದೀಪಾವಳಿ ಕಳೆದು ಹೊರಟರೆ ಮೇ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುವವರೆಗೆ ಇದೇ ಕೆಲಸ. ನನ್ನ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇದು ಆಟ ನೋಡಲು ಹೋಗುವವರ ಪಟ್ಟಿಯಲ್ಲ, ಮದುವೆಯಾಗಿ ಮನೆ ಮಾಡುವವರದು" ಎಂದರು. "ಒಮ್ಮೆ ಹೊರಗೆ ಮಲಗಿ ನೋಡಿ, ಆಮೇಲೆ ಬರೆಯಿರಿ."

ಅವರದೇ ಪರಿಚಯದವರ ತೆಂಗಿನ ಹಿತ್ತಿಲು ಕೋಡಿ ಬೆಂಗ್ರೆಯಲ್ಲಿತ್ತು. ಸೆಪ್ಟೆಂಬರ್ ಮೊದಲ ವಾರದ ಶನಿವಾರ, ಝೀರೋಗೆ ಒಯ್ಯಲಿದ್ದ ಅಷ್ಟೂ ಹೊರೆ ಹೊತ್ತು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಹತ್ತಿದೆವು. ಮಾವ ಒಂದು ಬಟ್ಟೆ ಚೀಲ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತರು. ನಮ್ಮ ಚೀಲಗಳಿಗೂ ಟಿಕೆಟ್ ಮಾಡಬೇಕೇ ಎಂದು ಕಂಡಕ್ಟರ್ ಗಂಭೀರವಾಗಿಯೇ ಯೋಚಿಸಿದರು. ಕೂಳೂರು ಸೇತುವೆಯಲ್ಲಿ ಎಂದಿನಂತೆ ಸಾಲು. ಪಾವಂಜೆಯಲ್ಲಿ ನಂದಿನಿ, ಮೂಲ್ಕಿಯಲ್ಲಿ ಶಾಂಭವಿ, ಎರಡೂ ಕೆಂಪಾಗಿ ತುಂಬಿ ಹರಿಯುತ್ತಿದ್ದವು. ಉಡುಪಿಯಲ್ಲಿ ಇಳಿದು, ಸಂತೆಕಟ್ಟೆ, ಕೆಮ್ಮಣ್ಣು, ಹೂಡೆಯ ಮೇಲೆ ಹೋಗುವ ಇನ್ನೊಂದು ಬಸ್ಸು.

ಕೋಡಿ ಬೆಂಗ್ರೆಯನ್ನು ನೋಡದವರಿಗೆ ಹೇಳುವುದಾದರೆ, ಅದು ಕಡಲಿಗೂ ಹೊಳೆಗೂ ನಡುವೆ ಸಿಕ್ಕಿಕೊಂಡ ಮರಳಿನ ನಾಲಿಗೆ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಸ್ವರ್ಣಾ ನದಿ. ತುದಿಯಲ್ಲಿ ಸೀತಾ ನದಿಯೂ ಕೂಡಿ ಮೂರೂ ಒಂದಾಗುತ್ತವೆ. ಆಚೆ ದಡ ಹಂಗಾರಕಟ್ಟೆ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎರಡೂ ನೀರು ಕಾಣುತ್ತದೆ. ಮೀನುಗಾರಿಕೆಯ ಎರಡು ತಿಂಗಳ ರಜೆ ಜುಲೈ ಕೊನೆಗೇ ಮುಗಿದಿದ್ದರಿಂದ ಅಳಿವೆಯಲ್ಲಿ ದೋಣಿಗಳ ಓಡಾಟವಿತ್ತು. ಕಡಲು ಮಾತ್ರ ಇನ್ನೂ ಮಳೆಗಾಲದ ಸಿಟ್ಟಿನಲ್ಲೇ ಇತ್ತು. ಅದರ ಹತ್ತಿರ ಡೇರೆ ಹಾಕುವ ಮಾತನ್ನು ಗೆಳತಿ ಎತ್ತಿದಳು, ಮನೆಯವರು ಉತ್ತರಿಸುವ ಗೋಜಿಗೇ ಹೋಗದೆ ಹಿತ್ತಿಲಿನ ಕಡೆ ಕೈ ತೋರಿಸಿದರು.

ಅಲ್ಲೂ ತಲೆ ಎತ್ತಿ ನೋಡಬೇಕು. ಮಾವ ಮೊದಲು ಮಾಡಿದ್ದೇ ಅದು. ಕಾಯಿ, ಒಣಗಿದ ಮಡಲು ಇಲ್ಲದ ಜಾಗ ಹುಡುಕಿ, ಕಾಲಿನಿಂದ ಮರಳು ಒತ್ತಿ, ಅಂಗೈಯಗಲ ಎತ್ತರವಿದ್ದ ದಿಬ್ಬವೊಂದನ್ನು ಆರಿಸಿದರು. ಡೇರೆಯ ಜೊತೆ ಬಂದ ಅಲ್ಯೂಮಿನಿಯಂ ಗೂಟಗಳು ಪೆನ್ಸಿಲಿನಷ್ಟು ಸಣ್ಣವು. ಚುಚ್ಚಿದೆ, ಹಗ್ಗ ಎಳೆದೆ, ಬೆಣ್ಣೆಯಿಂದ ಕೂದಲು ಬಂದಂತೆ ಗೂಟ ಹೊರಗೆ ಬಂತು. ಮೂರು ಸಲ ಹೀಗೇ ಆಯಿತು. ಮಾವ ಮಡಲಿನ ದಂಟನ್ನು ಮೊಳದುದ್ದದ ತುಂಡು ಮಾಡಿ, ನಡುವಿಗೆ ಹಗ್ಗ ಕಟ್ಟಿ, ಮೊಣಕೈ ಆಳದ ಗುಂಡಿಯಲ್ಲಿ ಅಡ್ಡಲಾಗಿ ಮಲಗಿಸಿ ಮರಳು ಮುಚ್ಚಿ ತುಳಿದರು. ನಾನು ಇಡೀ ಮೈಭಾರ ಹಾಕಿ ಎಳೆದರೂ ಅಲುಗಲಿಲ್ಲ. ಚುಚ್ಚಿದ್ದನ್ನು ಮರಳು ಬಿಟ್ಟುಕೊಡುತ್ತದೆ, ಹೂತದ್ದನ್ನು ಬಿಡುವುದಿಲ್ಲ. ಝೀರೋದ್ದು ಮರಳಲ್ಲ, ಕೆಸರು. ಆದರೆ ಗೂಟ ಹಿಡಿಯದ ನೆಲ ಎಂಬ ಮಟ್ಟಿಗೆ ಎರಡೂ ಒಂದೇ ಜಾತಿ.

ಇನ್ನೊಂದು ಪಾಠ ನೆಲಹಾಸಿನದು. ಬಂದರಿನಲ್ಲಿ ಕೊಂಡ ನೀಲಿ ಟಾರ್ಪಾಲನ್ನು ಡೇರೆಯ ಅಡಿಗೆ ಹಾಸಿದಾಗ ನಾಲ್ಕೂ ಕಡೆ ಒಂದೊಂದು ಗೇಣು ಹೊರಗಿತ್ತು. ಧಾರಾಳವಾಗಿದೆ ಎಂದು ನಾವು ಖುಷಿಪಟ್ಟೆವು. ಡೇರೆಯ ಮೇಲಿಂದ ಇಳಿದ ನೀರೆಲ್ಲ ಆ ಅಂಚಿಗೆ ಬಿದ್ದು ಅಡಿಗೇ ಹರಿದುಬರುತ್ತದೆ, ಹಾಸು ಡೇರೆಗಿಂತ ಚಿಕ್ಕದಿರಬೇಕು ಎಂದು ಮಾವ ಅಂಚನ್ನೆಲ್ಲ ಒಳಕ್ಕೆ ಮಡಚಿಸಿದರು. ಕೊನೆಗೆ, ನಾನು ಬಿಗಿಯಾಗಿ ಕಟ್ಟಿದ್ದ ಹಗ್ಗಗಳನ್ನೆಲ್ಲ ಎರಡು ಬೆರಳು ಸಡಿಲಿಸಿ, "ಮಳೆಗೆ ಹಗ್ಗ ಬಿಗಿಯುತ್ತದೆ, ಜಾಗ ಬಿಡದಿದ್ದರೆ ಗೂಟ ಕೀಳುತ್ತದೆ" ಎಂದರು. ಆಮೇಲೆ ಮನೆಯವರ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದರು. ಅವರ ಚೀಲದಲ್ಲಿ ಇದ್ದದ್ದು ಮೈ ಒರೆಸುವ ಒಂದು ಬೈರಾಸು, ಒಂದು ಲುಂಗಿ, ಟಾರ್ಚು, ಅಷ್ಟೇ.

ಎಂಟು ಗಂಟೆಗೆ ಮನೆಯವರು ಕೊಟ್ಟ ಕುಚ್ಚಲಕ್ಕಿ ಗಂಜಿ, ಬಂಗುಡೆ ಗಸಿ ಉಂಡು ಡೇರೆಯೊಳಗೆ ತೂರಿದೆವು. ಗೆಳತಿ ಝೀರೋದ ಅಭ್ಯಾಸಕ್ಕೆಂದು ಸ್ಲೀಪಿಂಗ್ ಬ್ಯಾಗಿಗೆ ಇಳಿದಳು, ಹತ್ತು ನಿಮಿಷದಲ್ಲಿ ಬೆವರಿ ಹೊರಗೆ ಬಂದಳು. ದೂರದಲ್ಲಿ, ಬಹುಶಃ ಹೂಡೆಯ ಕಡೆ, ಹುಲಿವೇಷದ ಬ್ಯಾಂಡು. ಉಡುಪಿಯ ಅಷ್ಟಮಿ ಹತ್ತಿರವಿತ್ತು, ಹುಡುಗರು ಹೆಜ್ಜೆ ಅಭ್ಯಾಸ ಮಾಡುತ್ತಿದ್ದಿರಬೇಕು. ಉತ್ಸವದ ಡೇರೆಗಳಲ್ಲಿ ಬೆಳಗಿನವರೆಗೂ ಪಕ್ಕದವರ ಗಿಟಾರು ನಿಲ್ಲುವುದಿಲ್ಲ ಎಂದು ಕೇಳಿ ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಕೊಂಡಿದ್ದೆ. ಹಾಕಿ ನೋಡಿದೆ. ತಾಸೆಯ ಚಟಚಟ ಪೂರ್ತಿ ಅಡಗಿತು, ಡೋಲು ಮಾತ್ರ ಎದೆಯೊಳಗೆ ಗುಮ್ಮೆನ್ನುತ್ತಲೇ ಇತ್ತು. ಸ್ಪಂಜಿಗೆ ಎತ್ತರದ ದನಿಯ ಮೇಲೆ ಇರುವ ಹಿಡಿತ ತಗ್ಗಿನ ದನಿಯ ಮೇಲೆ ಇಲ್ಲ. ತಾಸೆ ಇಲ್ಲದೆ ಬರೀ ಡೋಲು ಕೇಳುವುದು ಒಗ್ಗರಣೆ ಇಲ್ಲದ ಸಾರಿನಂತೆ. ಬಿರಡೆ ತೆಗೆದಿಟ್ಟೆ.

ಒಂದು ಗಂಟೆಗೆ ಮಳೆ ಬಂತು. ಮೊದಲು ತೆಂಗಿನ ಗರಿಗಳ ಮೇಲೆ, ಆಮೇಲೆ ನಮ್ಮ ಮೇಲೆ. ಡೇರೆಯ ಬಟ್ಟೆ ಮೂರು ಸಾವಿರ ಮಿಲಿಮೀಟರ್ ನೀರಿನ ಒತ್ತಡ ತಡೆಯುತ್ತದೆ ಎಂದು ಅದರ ಚೀಟಿಯಲ್ಲಿತ್ತು. ಅರ್ಧ ಗಂಟೆಯಲ್ಲಿ ಆ ಬಟ್ಟೆ ನನ್ನ ಮೂಗಿನ ಮೇಲೆ ಕುಳಿತಿತ್ತು. ಮಳೆಗೆ ಹಗ್ಗ ಬಿಗಿಯುವುದು ಹತ್ತಿ, ಸೆಣಬಿನ ಕಾಲದ ಮಾತು. ನಮ್ಮದು ನೈಲಾನು, ಅದು ನೆನೆದರೆ ಹಿಗ್ಗುತ್ತದೆ. ಹಗ್ಗವೂ ಹಿಗ್ಗಿತ್ತು, ಬಟ್ಟೆಯೂ ಜೋತಿತ್ತು, ಅದರ ಮೇಲೆ ಮಾವ ದಯೆಯಿಂದ ಬಿಟ್ಟ ಎರಡು ಬೆರಳು. ಬೈರಾಸು ತಲೆಗೆ ಸುತ್ತಿ ಹೊರಗೆ ಹೋಗಿ, ಬಾಯಲ್ಲಿ ಟಾರ್ಚು ಕಚ್ಚಿ ಆರೂ ಹಗ್ಗ ಬಿಗಿದು ಬಂದೆ. ಹೂತ ದಂಟುಗಳು ಒಂದೂ ಜಗ್ಗಿರಲಿಲ್ಲ ಎಂಬುದನ್ನೂ ಹೇಳಬೇಕು.

ಬೆಳಗಿನ ಜಾವ ಮುಖದ ಮೇಲೆ ಹನಿ ಬಿದ್ದಾಗ ಡೇರೆ ಸೋರುತ್ತಿದೆ ಎಂದೇ ಭಾವಿಸಿದೆವು. ಗೆಳತಿ ಕೊಂಡ ಅಂಗಡಿಗೆ ಬರೆಯಬೇಕಾದ ಬೈಗುಳವನ್ನು ಮನಸ್ಸಿನಲ್ಲೇ ಜೋಡಿಸತೊಡಗಿದಳು. ಆದರೆ ಹೊರಗೆ ಮಳೆ ನಿಂತು ಗಂಟೆಯಾಗಿತ್ತು. ಟಾರ್ಚು ಹಾಕಿ ನೋಡಿದರೆ ಒಳಮೈ ತುಂಬ, ಅನ್ನದ ಪಾತ್ರೆಯ ಮುಚ್ಚಳದಲ್ಲಿ ಇರುವಂತೆ, ಒಂದೇ ಅಳತೆಯ ಸಣ್ಣ ಹನಿಗಳ ಸಾಲು. ಬೆರಳು ತಾಗಿಸಿದರೆ ನಾಲ್ಕೈದು ಕೂಡಿ ಓಡುತ್ತಿದ್ದವು. ಎರಚಲಿಗೆ ಹೆದರಿ ಗಾಳಿಯ ಕಿಂಡಿ ಎರಡನ್ನೂ ಮುಚ್ಚಿ ಮಲಗಿದ್ದೆವು. ರಾತ್ರಿಯಿಡೀ ಬಿಟ್ಟ ನಮ್ಮದೇ ಉಸಿರು ನೀರಾಗಿ ನಮ್ಮ ಮೇಲೆ ಬೀಳುತ್ತಿತ್ತು. ಕಿಂಡಿ ತೆರೆದೆ. ತಂಪು ಗಾಳಿ ಬಂತು, ಗಾಳಿಯ ಜೊತೆ ಒಣಮೀನಿನ ವಾಸನೆಯೂ ಬಂತು.

ಬೆಳಗ್ಗೆ ಚಾವಡಿಯಲ್ಲಿ ಚಹಾ ಕುಡಿಯುತ್ತ ಹಗ್ಗದ ವಿಷಯ ಹೇಳಿದೆ. ಮಾವ ನೈಲಾನಿನ ತುಂಡೊಂದನ್ನು ತರಿಸಿ, ಬಾಲ್ದಿಯಲ್ಲಿ ಅದ್ದಿ, ಎರಡೂ ಕೈಯಲ್ಲಿ ಎಳೆದು ನೋಡಿದರು. "ಹೌದು" ಎಂದರು. ಬೇರೇನೂ ಹೇಳಲಿಲ್ಲ, ಇನ್ನೊಮ್ಮೆ ಅದ್ದಿ ಎಳೆದರು.

ಪಟ್ಟಿಯಿಂದ ಕುರ್ಚಿ ಹೋಯಿತು, ಲಾಟೀನು ಹೋಯಿತು, ಎರಡು ಸ್ವೆಟರು ಹೋದವು. ಗ್ಯಾಸ್ ಒಲೆಯೂ ಹೋಯಿತು, ಅದರ ಡಬ್ಬಿಯನ್ನು ವಿಮಾನಕ್ಕೆ ಬಿಡುವುದೇ ಇಲ್ಲ. ಪವರ್ ಬ್ಯಾಂಕು ಕೈಚೀಲಕ್ಕೆ ಬಂತು, ಏಕೆಂದರೆ ಅದನ್ನು ವಿಮಾನದ ಹೊಟ್ಟೆಗೆ ಹಾಕುವಂತಿಲ್ಲ. ಹೊಸದಾಗಿ ಸೇರಿದ್ದು ಎರಡು ಬೈರಾಸು, ಟವೆಲಿನ ಬದಲು. ತೆಳ್ಳಗಿರುವುದರಿಂದ ಬೇಗ ಒಣಗುತ್ತದೆ, ತಲೆಗೂ ಆಗುತ್ತದೆ, ಡೇರೆಯ ಒಳಮೈ ಒರೆಸಲೂ ಆಗುತ್ತದೆ. ಕಣ್ಣಿಗೆ ಕಟ್ಟಿಕೊಳ್ಳಲೂ ಬೇಕು. ಅಷ್ಟು ಪೂರ್ವದಲ್ಲಿ ಸೂರ್ಯ ನಮಗಿಂತ ಒಂದು ಗಂಟೆಗೂ ಮೊದಲೇ ಏಳುತ್ತಾನೆ. ಮಧ್ಯರಾತ್ರಿಯವರೆಗೆ ಹಾಡು ಕೇಳಿದವರಿಗೆ ಐದು ಗಂಟೆಗೇ ಬೆಳಕು ಹರಿದರೆ ಗತಿಯೇನು?

ಉಳಿದದ್ದು ತೂಕದ ಪ್ರಶ್ನೆ. ನಮ್ಮ ಟಿಕೆಟಿಗೆ ವಿಮಾನದಲ್ಲಿ ತಲೆಗೆ 15 ಕಿಲೋ. ಬಸ್ಸಿಗೆ ಕಾಯುತ್ತಿದ್ದಾಗ ರಸ್ತೆ ಬದಿಯಲ್ಲಿ ಮೀನು ತೂಗುವ ತಕ್ಕಡಿಯೊಂದು ಕಂಡಿತು. ತಕ್ಕಡಿಯ ಹೆಂಗಸು ಬುಟ್ಟಿ ಇಳಿಸಿ, ಗೋಣಿಯ ತುಂಡು ಹಾಸಿ, ನನ್ನ ಚೀಲವನ್ನು ಮೇಲಿಟ್ಟರು. 16 ಕಿಲೋ 200 ಗ್ರಾಂ. ಡೇರೆ ನೆನೆದಿದೆ, ಒಣಗಿದರೆ ಇಳಿಯುತ್ತದೆ ಎಂದೆ. "ಅಲ್ಲಿಂದ ಬರುವಾಗಲೂ ನೆನೆದೇ ಇರುತ್ತದಲ್ಲ" ಎಂದರು ಅವರು. ಅದು ನನಗೆ ಹೊಳೆದಿರಲಿಲ್ಲ. ಚೀಲದ ಪಕ್ಕದಲ್ಲಿ ನೇತಾಡುತ್ತಿದ್ದ ಗಮ್‌ಬೂಟುಗಳನ್ನು ಅವರೇ ಬಿಚ್ಚಿ ನನ್ನ ಕಾಲ ಬಳಿ ಇಟ್ಟು, ಮತ್ತೆ ತೂಗಿದರು. 14 ಕಿಲೋ 400.

ಬೂಟು ಹಾಕಿಕೊಂಡೇ ಬಸ್ಸು ಹತ್ತಿದೆ.